ಕಾರಿಗೆ ಇಂಟರ್ನೆಟ್ ಸಾಧನ: ವಿನ್ಯಾಸದಿಂದ ಅಳವಡಿಕೆಯವರೆಗೆ ಸಮಗ್ರ ಮಾರ್ಗದರ್ಶಿ

ಕಾರಿನ ಸ್ಥಳ, ವೇಗ, ಎಂಜಿನ್ ತಾಪಮಾನವನ್ನು ಸರ್ವರ್‌ಗೆ ಕಳಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಓಡಿಸಿ ತೋರಿಸುವುದು ದೊಡ್ಡ ಮಾತಲ್ಲ. ಒಂದು ಡೆವಲಪ್‌ಮೆಂಟ್ ಬೋರ್ಡ್, ಒಂದು ಮೋಡೆಮ್, ಒಂದು ಜಿಪಿಎಸ್ ಮಾಡ್ಯೂಲ್ ಜೋಡಿಸಿದರೆ ನಕ್ಷೆಯ ಮೇಲೆ ಚುಕ್ಕಿ ಓಡತೊಡಗುತ್ತದೆ. ಅದೇ ಪೆಟ್ಟಿಗೆ ನಿಜವಾದ ಕಾರಿನೊಳಗೆ ಬಿಸಿಲು, ಕುಲುಕಾಟ, ವೋಲ್ಟೇಜಿನ ಏರಿಳಿತ ಎಲ್ಲ ತಡೆದುಕೊಂಡು, ಬ್ಯಾಟರಿ ಖಾಲಿ ಮಾಡದೆ, ಎಚ್ಚರಿಕೆ ದೀಪ ಹೊತ್ತಿಸದೆ ವರ್ಷಗಟ್ಟಲೆ ಬಾಳಬೇಕೆಂದರೆ ಲೆಕ್ಕವೇ ಬೇರೆ. ಇಂಥ ಸಾಧನಗಳು ಕೈಕೊಡುವುದು ಹೆಚ್ಚಾಗಿ ಕಾರು ನಿಂತಿರುವಾಗ. ಹಾಗಾಗಿ ಈ ಬರಹದಲ್ಲಿ ವಿದ್ಯುತ್ ಪೂರೈಕೆ, ನಿದ್ದೆ (ಕೆಲಸವಿಲ್ಲದಾಗ ಸಾಧನ ಅತಿ ಕಡಿಮೆ ಕರೆಂಟಿನಲ್ಲಿ ಮಲಗುವುದು) ಮತ್ತು ಕ್ಯಾನ್ ಬಸ್‌ಗೆ (ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಎರಡು ತಂತಿಯ ಜಾಲ) ಹೆಚ್ಚು ಜಾಗ. ಸರ್ವರ್ ಕಡೆಯ ಕೆಲಸಕ್ಕೆ ಕಡಿಮೆ.

ಇಲ್ಲಿ ಗುರಿಯಾಗಿ ಇಟ್ಟುಕೊಂಡಿರುವುದು 12 ವೋಲ್ಟ್‌ನ ಪೆಟ್ರೋಲ್ ಅಥವಾ ಡೀಸೆಲ್ ಕಾರು. ಓಡುವಾಗ ಪ್ರತಿ ಸೆಕೆಂಡಿಗೆ ಒಂದು ದಾಖಲೆ, ನಿಂತಾಗ ಗಂಟೆಗೊಮ್ಮೆ "ಇದ್ದೇನೆ" ಎಂಬ ಸಂದೇಶ.

ಹಂತ 1: ಎಲ್ಲಿ ಜೋಡಿಸುವುದು, ಎಷ್ಟು ಕೇಳುವುದು

ದಾರಿ ಎರಡು. ಒಂದು, ಸ್ಟಿಯರಿಂಗ್ ಕೆಳಗಿನ 16 ಪಿನ್‌ಗಳ ಒಬಿಡಿ ಪೋರ್ಟ್‌ಗೆ (ಕಾರಿನ ದೋಷ ಪತ್ತೆಗೆಂದು ಇರುವ ಕನೆಕ್ಟರ್) ಚುಚ್ಚುವುದು. ಅಲ್ಲಿ 16ನೇ ಪಿನ್ ಬ್ಯಾಟರಿಯ ಪ್ಲಸ್, 4 ಬಾಡಿ ಗ್ರೌಂಡ್, 5 ಸಿಗ್ನಲ್ ಗ್ರೌಂಡ್, 6 ಕ್ಯಾನ್ ಹೈ, 14 ಕ್ಯಾನ್ ಲೋ. 16ನೇ ಪಿನ್ನಿನಲ್ಲಿ ಕೀಲಿ ತೆಗೆದ ಮೇಲೂ ವಿದ್ಯುತ್ ಇರುತ್ತದೆ ಎಂಬುದು ನೆನಪಿರಲಿ. ಇನ್ನೊಂದು, ಮೂರು ತಂತಿಗಳ ಜೋಡಣೆ: ಬ್ಯಾಟರಿ ಪ್ಲಸ್, ಇಗ್ನಿಷನ್, ಗ್ರೌಂಡ್. ಸ್ಥಳ ಮತ್ತು ವೇಗ ಮಾತ್ರ ಸಾಕೆನ್ನುವವರು ಎರಡನೆಯದನ್ನೇ ಆರಿಸಿಕೊಳ್ಳಿ. ಇಗ್ನಿಷನ್ ತಂತಿಯೊಂದು ಸಿಕ್ಕರೆ ಮುಂದೆ ಬರುವ ತಲೆನೋವಿನಲ್ಲಿ ಅರ್ಧ ಕಡಿಮೆಯಾಗುತ್ತದೆ, ಕ್ಯಾನ್ ಬಸ್ ಮುಟ್ಟುವ ಅಪಾಯವೂ ಇಲ್ಲ.

ಎಂಜಿನ್ ವಿವರಗಳೂ ಬೇಕೆಂದಾದರೆ ಒಬಿಡಿ. ಆಗಲೂ ಬೇಕಾದ ಮಾಹಿತಿಯ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. "ಸಿಕ್ಕಿದ್ದೆಲ್ಲ ಇರಲಿ" ಎಂದು ಹೊರಟರೆ ಡೇಟಾ ಖರ್ಚು, ಬಸ್ ಮೇಲಿನ ಹೊರೆ, ಖಾಸಗಿತನದ ಜವಾಬ್ದಾರಿ ಮೂರೂ ಬೆಳೆಯುತ್ತವೆ. ವಿದ್ಯುತ್ ಕಾರುಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಒಬಿಡಿಯ ಸಾಮಾನ್ಯ ಪ್ರಶ್ನೆಗಳು ಹೊಗೆ ನಿಯಂತ್ರಣಕ್ಕಾಗಿ ಹುಟ್ಟಿದವು. ಹಾಗಾಗಿ ಹಲವು ವಿದ್ಯುತ್ ಕಾರುಗಳು ಅವಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಬ್ಯಾಟರಿ ಮಟ್ಟ ತಿಳಿಯಲು ಯುಡಿಎಸ್ ಎಂಬ ದೋಷ ಪತ್ತೆ ಪದ್ಧತಿಯಲ್ಲಿ ಆಯಾ ತಯಾರಕರದೇ ಆದ ಪ್ರಶ್ನೆಗಳು ಬೇಕಾಗುತ್ತವೆ.

ಹಂತ 2: ಮುಖ್ಯ ಭಾಗಗಳು

- ಮುಖ್ಯ ಮೈಕ್ರೋಕಂಟ್ರೋಲರ್: ಇಎಸ್‌ಪಿ32 ಅಥವಾ ಎಸ್‌ಟಿಎಂ32 ಎಲ್4 ಬಗೆಯದು
- ಕ್ಯಾನ್ ಕಡೆಗೆ ಕಾವಲಿರುವ ಪುಟ್ಟ ಎರಡನೇ ಕಂಟ್ರೋಲರ್ (ಕಾರಣ 5ನೇ ಹಂತದಲ್ಲಿದೆ)
- ಕ್ಯಾನ್ ಟ್ರಾನ್ಸ್‌ಸೀವರ್ (ಕಂಟ್ರೋಲರನ್ನು ಬಸ್ ತಂತಿಗಳಿಗೆ ಜೋಡಿಸುವ ಚಿಪ್): ಟಿಜೆಎ1042ರ "/3" ಆವೃತ್ತಿ
- ಎಲ್‌ಟಿಇ ಕ್ಯಾಟ್ 1 (4ಜಿಯ ಕಡಿಮೆ ವೇಗದ ಬಗೆ) ಮೋಡೆಮ್ ಮತ್ತು ಬೋರ್ಡಿಗೇ ಬೆಸುಗೆಯಾಗುವ 5×6 ಮಿ.ಮೀ. ಸಿಮ್
- ಬ್ಯಾಕಪ್ ಪಿನ್ ಇರುವ ಜಿಎನ್‌ಎಸ್‌ಎಸ್ (ಜಿಪಿಎಸ್ ಮತ್ತು ಅಂಥ ಉಪಗ್ರಹ ವ್ಯವಸ್ಥೆಗಳ) ರಿಸೀವರ್, 25×25 ಮಿ.ಮೀ. ಸೆರಾಮಿಕ್ ಆಂಟೆನಾ
- ಅಲುಗಾಟಕ್ಕೆ ಎಚ್ಚರಗೊಳಿಸಬಲ್ಲ ಆಕ್ಸೆಲರೋಮೀಟರ್: ಎಲ್‌ಐಎಸ್3ಡಿಎಚ್ ತರಹದ್ದು
- 16 ಎಂಬಿ ಎಸ್‌ಪಿಐ ಫ್ಲ್ಯಾಶ್ (ದಾಖಲೆ ಉಳಿಸಿಡುವ ಮೆಮೊರಿ ಚಿಪ್)

ಮೈಕ್ರೋಎಸ್‌ಡಿ ಕಾರ್ಡ್, ಪ್ಲಾಸ್ಟಿಕ್ ಸಿಮ್ ಎರಡನ್ನೂ ಬಿಡಿ. ಕುಲುಕಾಟಕ್ಕೆ ಅವುಗಳ ಸಂಪರ್ಕ ಸಡಿಲವಾಗುತ್ತದೆ, ಬಿಸಿಗೆ ಸಿಮ್‌ನ ಪ್ಲಾಸ್ಟಿಕ್ ಬಾಗುತ್ತದೆ. ಲಿಥಿಯಂ ಅಯಾನ್ ಬ್ಯಾಕಪ್ ಬ್ಯಾಟರಿಯ ಆಸೆಯನ್ನೂ ಬಿಡಿ: ಸಾಮಾನ್ಯ ಲಿಥಿಯಂ ಸೆಲ್‌ಗೆ 45 ಡಿಗ್ರಿ ಸೆಲ್ಸಿಯಸ್ ಮೇಲೆ ಚಾರ್ಜ್ ಮಾಡಬಾರದು, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಸಾಧನವನ್ನು ಕಿತ್ತಾಗ ಕೊನೆಯ ಸಂದೇಶ ಕಳಿಸಲೇಬೇಕಿದ್ದರೆ ಸೂಪರ್ ಕೆಪಾಸಿಟರ್ ಹಾಕಿ. ಉಳಿದ ಚಿಪ್‌ಗಳಿಗೆ ಕನಿಷ್ಠ ಮೈನಸ್ 40ರಿಂದ 85 ಡಿಗ್ರಿಯ ದರ್ಜೆ ಇರಲಿ. ವಿಂಡ್‌ಶೀಲ್ಡ್ ಬಳಿ ಕೂರುವ ಸಾಧನವಾದರೆ 105.

ಹಂತ 3: ವಿದ್ಯುತ್ ಪೂರೈಕೆ

"12 ವೋಲ್ಟ್" ಎನ್ನುವುದು ಹೆಸರಿಗೆ ಮಾತ್ರ. ಎಂಜಿನ್ ಓಡುವಾಗ ಸುಮಾರು 13.5ರಿಂದ 14.7 ವೋಲ್ಟ್ ಇರುತ್ತದೆ. ಸ್ಟಾರ್ಟರ್ ತಿರುಗುವಾಗ 6 ವೋಲ್ಟ್‌ಗೆ, ಕೆಲವು ಮಿಲಿಸೆಕೆಂಡು ಅದಕ್ಕೂ ಕೆಳಗೆ ಬೀಳುತ್ತದೆ. ಟ್ರಕ್ಕಿನಿಂದ ಜಂಪ್ ಸ್ಟಾರ್ಟ್ ಮಾಡಿದರೆ 24 ವೋಲ್ಟ್. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗಲೇ ಬ್ಯಾಟರಿ ತಂತಿ ಕಳಚಿದರೆ ಬರುವ ಲೋಡ್ ಡಂಪ್ ಆಘಾತ, ಆಲ್ಟರ್ನೇಟರ್‌ನಲ್ಲೇ ತಡೆ ಇದ್ದರೆ 35 ವೋಲ್ಟ್ ಆಸುಪಾಸು. ತಡೆ ಇಲ್ಲದ ಹಳೆಯ ಕಾರುಗಳಲ್ಲಿ 79ರಿಂದ 101 ವೋಲ್ಟ್. ಅದೂ 40ರಿಂದ 400 ಮಿಲಿಸೆಕೆಂಡು. ಇದರ ಜೊತೆ ರಿಲೇ, ಮೋಟಾರುಗಳಿಂದ ಮೈನಸ್ 150 ವೋಲ್ಟ್‌ವರೆಗಿನ ಚುಟುಕು ಹೊಡೆತಗಳು. ಈ ಎಲ್ಲ ಪರೀಕ್ಷೆಗಳ ವಿವರ ಐಎಸ್‌ಒ 7637-2 ಮತ್ತು ಐಎಸ್‌ಒ 16750-2 ಮಾನದಂಡಗಳಲ್ಲಿದೆ.

ಸರ್ಕ್ಯೂಟನ್ನು ಈ ಕ್ರಮದಲ್ಲಿ ಕಟ್ಟಿ:

1. ಮೊದಲು 2 ಆಂಪ್ ಫ್ಯೂಸ್. ಒಬಿಡಿ ಪೋರ್ಟಿನ ಫ್ಯೂಸನ್ನು ಕಾರಿನ ಬೇರೆ ಉಪಕರಣಗಳೂ ಹಂಚಿಕೊಂಡಿರಬಹುದು. ಸಾಧನದಲ್ಲಿ ತೊಂದರೆಯಾದರೆ ಸಾಧನದ ಫ್ಯೂಸೇ ಮೊದಲು ಹೋಗಬೇಕು. ತಾನೇ ಸರಿಹೋಗುವ ಪಾಲಿಮರ್ ಫ್ಯೂಸ್ ಬಿಸಿಯಲ್ಲಿ ತನ್ನ ಸಾಮರ್ಥ್ಯವನ್ನು ಅರ್ಧದಷ್ಟು ಕಳೆದುಕೊಳ್ಳುತ್ತದೆ; ಬೇಸಿಗೆಯ ಮಧ್ಯಾಹ್ನ ಕಾರಣವಿಲ್ಲದೆ ಬಂದ್ ಆಗುವ ಸಾಧನಗಳಲ್ಲಿ ಇದನ್ನು ಮೊದಲು ನೋಡಿ.

2. ಆಮೇಲೆ ಎರಡೂ ದಿಕ್ಕಿನ ಟಿವಿಎಸ್ ಡಯೋಡ್ (ಮಿತಿ ಮೀರಿದ ವೋಲ್ಟೇಜನ್ನು ಕತ್ತರಿಸುವ ಭಾಗ), ಉದಾಹರಣೆಗೆ ಎಸ್‌ಎಂಸಿಜೆ33ಸಿಎ. ಇಲ್ಲಿ ಬಹಳ ಮಂದಿ 24 ವೋಲ್ಟಿನ ಟಿವಿಎಸ್ ಆರಿಸಿ ಎಡವುತ್ತಾರೆ. ಅದು 27 ವೋಲ್ಟ್ ಸುಮಾರಿಗೇ ಕರೆಂಟ್ ಹರಿಸತೊಡಗುತ್ತದೆ. ಆಲ್ಟರ್ನೇಟರ್ 35 ವೋಲ್ಟಿಗೆ ತಡೆದು ಕಳಿಸಿದ ಲೋಡ್ ಡಂಪನ್ನು ಇಡಿಯಾಗಿ ಈ ಪುಟ್ಟ ಭಾಗವೇ ನುಂಗಲು ಹೋಗಿ ಸುಟ್ಟುಹೋಗುತ್ತದೆ. 33 ವೋಲ್ಟಿನದು 35 ವೋಲ್ಟನ್ನು ಸುಮ್ಮನೆ ಹಾಯಲು ಬಿಟ್ಟು, ಚುಟುಕು ಹೊಡೆತಗಳನ್ನಷ್ಟೇ 53 ವೋಲ್ಟ್ ಸುಮಾರಿಗೆ ಕತ್ತರಿಸುತ್ತದೆ. ತಡೆ ಇಲ್ಲದ ಆಲ್ಟರ್ನೇಟರಿನ ಹಳೆಯ ವಾಹನಗಳಿಗೂ ಮಾರುವುದಾದರೆ ಎಸ್‌ಎಂ8ಎಸ್ ಸರಣಿಯ 6600 ವಾಟ್ ದರ್ಜೆಯ ಟಿವಿಎಸ್ ಬೇಕು.

3. ನಂತರ 100 ವೋಲ್ಟ್, 3 ಆಂಪಿನ ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ). ಮೈನಸ್ ಹೊಡೆತ ಬಂದಾಗ ಒಂದು ತುದಿಯಲ್ಲಿ ಮೈನಸ್ 53, ಇನ್ನೊಂದು ತುದಿಯ ಕೆಪಾಸಿಟರಿನಲ್ಲಿ ಪ್ಲಸ್ 14. ಒಟ್ಟು 67 ವೋಲ್ಟ್. 60 ವೋಲ್ಟಿನ ಡಯೋಡ್ ಇಲ್ಲಿ ಸಾಲದು. ಉಲ್ಟಾ ಬ್ಯಾಟರಿಯಿಂದ ರಕ್ಷಿಸಲು ಪಿ ಚಾನೆಲ್ ಮಾಸ್‌ಫೆಟ್ (ಟ್ರಾನ್ಸಿಸ್ಟರ್ ಸ್ವಿಚ್) ಹಾಕಿದರೆ ವೋಲ್ಟೇಜ್ ನಷ್ಟ ಕಡಿಮೆ ಎಂಬುದೇನೋ ನಿಜ. ಆದರೆ ಸ್ಟಾರ್ಟರ್ ತಿರುಗಿದಾಗ ಅದು ತೆರೆದೇ ಇರುವುದರಿಂದ ನಿಮ್ಮ ಕೆಪಾಸಿಟರಿನ ಚಾರ್ಜ್ ಹಿಂದಕ್ಕೆ, ಕಾರಿನೊಳಗೇ ಹರಿದುಹೋಗುತ್ತದೆ. ಶಾಟ್ಕಿ ಹಾಗೆ ಬಿಡುವುದಿಲ್ಲ.

4. ಡಯೋಡಿನ ಆಚೆಗೆ 470 ಮೈಕ್ರೋಫ್ಯಾರಡ್, 63 ವೋಲ್ಟಿನ, 105 ಡಿಗ್ರಿಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಲೆಕ್ಕ ಹೀಗೆ: ಸಾಧನ 1 ವಾಟ್ ಎಳೆಯುತ್ತಿದ್ದು 15 ಮಿಲಿಸೆಕೆಂಡು ತಡೆದುಕೊಳ್ಳಬೇಕು, ರೆಗ್ಯುಲೇಟರಿನ ನಷ್ಟ ಸೇರಿಸಿ ಬೇಕಾದದ್ದು ಸುಮಾರು 18 ಮಿಲಿಜೂಲ್. ಕೆಪಾಸಿಟರ್ 11.5ರಿಂದ 5 ವೋಲ್ಟಿಗೆ ಇಳಿಯುವಷ್ಟರಲ್ಲಿ ಅಷ್ಟು ಕೊಡಬೇಕಾದರೆ 330 ಮೈಕ್ರೋಫ್ಯಾರಡ್ ಸುಮಾರು ಸಾಕು, 470ರಲ್ಲಿ ಸ್ವಲ್ಪ ಉಳಿತಾಯವಿದೆ. ಮೋಡೆಮ್ ಪೂರ್ಣ ಶಕ್ತಿಯಲ್ಲಿ ಸಂದೇಶ ಕಳಿಸುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಆದ್ದರಿಂದ ಎಂಜಿನ್ ಸ್ಟಾರ್ಟ್ ಆದ ಗುರುತು ಸಿಕ್ಕಿ 10 ಸೆಕೆಂಡು ಕಳೆಯುವವರೆಗೆ ಮೋಡೆಮ್ ಆನ್ ಮಾಡಬೇಡಿ.

5. ಕೊನೆಗೆ 60 ವೋಲ್ಟ್ ಇನ್‌ಪುಟ್ ತಾಳುವ, ಸುಮಾರು 4 ವೋಲ್ಟಿನಿಂದಲೇ ಕೆಲಸ ಮಾಡುವ ಬಕ್ (ವೋಲ್ಟೇಜ್ ಇಳಿಸುವ) ರೆಗ್ಯುಲೇಟರ್. ಔಟ್‌ಪುಟ್ 3.8 ವೋಲ್ಟ್ ಇಡಿ. ಮೋಡೆಮಿಗೆ ಅದೇ ನೇರ ಪೂರೈಕೆ, ಉಳಿದದ್ದಕ್ಕೆ ಅಲ್ಲಿಂದ 3.3 ವೋಲ್ಟಿನ ಎಲ್‌ಡಿಒ (ಸ್ವಲ್ಪವೇ ವೋಲ್ಟೇಜ್ ಇಳಿಸುವ ಸರಳ ರೆಗ್ಯುಲೇಟರ್). ಮೊದಲು 5 ವೋಲ್ಟ್ ಮಾಡಿ ಮತ್ತೆ ಇಳಿಸುವ ಪದ್ಧತಿಗಿಂತ ಇದು ಮೇಲು. ಕಾರಿನ ವೋಲ್ಟೇಜ್ 5.5ಕ್ಕೆ ಕುಸಿದಾಗಲೂ 3.8 ಅಲುಗಾಡುವುದಿಲ್ಲ.

ಎಲ್‌ಟಿಇ ಮಾತ್ರ ಇರುವ ಮೋಡೆಮಿಗೆ 1.5 ಆಂಪಿನ ರೆಗ್ಯುಲೇಟರ್ ಸಾಕು. 2ಜಿಗೆ ಇಳಿಯಬಲ್ಲ ಮೋಡೆಮ್ ಆದರೆ 577 ಮೈಕ್ರೋಸೆಕೆಂಡಿನ ಪ್ರತಿ ಸಿಡಿತಕ್ಕೂ 2 ಆಂಪ್ ಎಳೆಯುತ್ತದೆ. ಆಗ 3 ಆಂಪ್ ದರ್ಜೆಯದೇ ಬೇಕು. ಮೋಡೆಮ್ ಪಿನ್ನಿನ ಬಳಿ 100 ಮೈಕ್ರೋಫ್ಯಾರಡಿನ ಎರಡು ಕಡಿಮೆ ಇಎಸ್‌ಆರ್ (ಒಳಗಿನ ಪ್ರತಿರೋಧ) ಇರುವ ಕೆಪಾಸಿಟರ್ ಹಾಕಿ, ತಾಮ್ರದ ಪಟ್ಟಿ ಅಗಲವಾಗಿರಲಿ. "ಸಿಗ್ನಲ್ ಚೆನ್ನಾಗಿರುವಲ್ಲಿ ಸರಿ, ದುರ್ಬಲ ಸಿಗ್ನಲ್‌ನಲ್ಲಿ ಮಾತ್ರ ರೀಸೆಟ್" ಎಂಬ ದೂರು ಬಂದರೆ ಫರ್ಮ್‌ವೇರ್ ಜಾಲಾಡುವ ಮೊದಲು ಈ ಜಾಗಕ್ಕೆ ಆಸಿಲೋಸ್ಕೋಪ್ ಇಡಿ. ಟವರ್ ದೂರವಾದಷ್ಟೂ ಮೋಡೆಮ್ ಹೆಚ್ಚು ಎಳೆಯುತ್ತದೆ, ವೋಲ್ಟೇಜ್ ಕ್ಷಣಕಾಲ 3.3ರ ಕೆಳಗೆ ಇಳಿದರೆ ಸಾಕು.

ಇನ್ನೊಂದು ಸೂಕ್ಷ್ಮ. ಬ್ಯಾಟರಿ ಪ್ಲಸ್ ಮತ್ತು ಗ್ರೌಂಡ್ ನಡುವೆ ನೇರವಾಗಿ ಕೂರುವ ದೊಡ್ಡ ಸೆರಾಮಿಕ್ ಕೆಪಾಸಿಟರ್ ಬೋರ್ಡ್ ಬಾಗಿದಾಗ ಬಿರುಕು ಬಿಟ್ಟು ಶಾರ್ಟ್ ಆಗುತ್ತದೆ. ಅದರ ಹಿಂದೆ ಇರುವುದು ನೂರಾರು ಆಂಪ್ ಕೊಡಬಲ್ಲ ಬ್ಯಾಟರಿ. ಅಲ್ಲಿ ಎರಡು ಕೆಪಾಸಿಟರುಗಳನ್ನು ಸರಣಿಯಲ್ಲಿ, ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ ಇಡಿ. ಒಂದು ಬಿರುಕು ಬಿಟ್ಟರೂ ಇನ್ನೊಂದು ಉಳಿಯುತ್ತದೆ.

ಹಂತ 4: ನಿದ್ದೆಯ ಲೆಕ್ಕ

45 ಆಂಪ್ ಅವರ್ ಬ್ಯಾಟರಿಯಿಂದ ಸಾಧನ ಸದಾ 20 ಮಿಲಿಆಂಪ್ ಎಳೆದರೆ ದಿನಕ್ಕೆ 0.48, ತಿಂಗಳಿಗೆ 14.4 ಆಂಪ್ ಅವರ್. ಕಾರಿನದೇ ಸೋರಿಕೆಯೂ ಸೇರಿಕೊಂಡರೆ, ಊರಿಗೆ ಹೋಗಿ ಬಂದ ಮಾಲೀಕರಿಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಮೋಡೆಮ್ ನೆಟ್‌ವರ್ಕಿಗೆ ಜೋಡಿಕೊಂಡು ಸುಮ್ಮನಿದ್ದರೇ ಹೆಚ್ಚುಕಡಿಮೆ ಇಷ್ಟು ಖರ್ಚಾಗುತ್ತದೆ. ಸರಾಸರಿ 1 ಮಿಲಿಆಂಪಿಗಿಂತ ಕಡಿಮೆ ಎಂಬ ಗುರಿ ಇಟ್ಟುಕೊಳ್ಳಿ.

ಒಂದೊಂದೇ ಕೂಡಿಸಿ ನೋಡಿ. ಗಾಢ ನಿದ್ದೆಯಲ್ಲಿ ಇಎಸ್‌ಪಿ32 ಸುಮಾರು 10 ಮೈಕ್ರೋಆಂಪ್, ರೆಗ್ಯುಲೇಟರ್ 10ರಿಂದ 30, ಕ್ಯಾನ್ ಟ್ರಾನ್ಸ್‌ಸೀವರ್ 10ರಿಂದ 15, ಆಕ್ಸೆಲರೋಮೀಟರ್ 5ರ ಆಸುಪಾಸು, ಜಿಎನ್‌ಎಸ್‌ಎಸ್ ಬ್ಯಾಕಪ್ 20ರಿಂದ 40, ವೋಲ್ಟೇಜ್ ಅಳೆಯುವ 1 ಮೆಗಾಓಮ್ ಮತ್ತು 100 ಕಿಲೋಓಮ್ ವಿಭಾಜಕ 11. ಒಟ್ಟಾರೆ 0.1 ಮಿಲಿಆಂಪ್. ಇದರ ಮೇಲೆ ಗಂಟೆಗೊಮ್ಮೆ ಮೋಡೆಮ್ 40 ಸೆಕೆಂಡು, 3.8 ವೋಲ್ಟಿನಲ್ಲಿ ಸರಾಸರಿ 150 ಮಿಲಿಆಂಪ್. 12 ವೋಲ್ಟ್ ಕಡೆಯಿಂದ ನೋಡಿದರೆ ಅದು 54 ಮಿಲಿಆಂಪ್, ಅಂದರೆ ಗಂಟೆಗೆ 0.6 ಮಿಲಿಆಂಪ್ ಅವರ್. ಎರಡೂ ಸೇರಿ ಸರಾಸರಿ 0.7 ಮಿಲಿಆಂಪ್, ತಿಂಗಳಿಗೆ ಅರ್ಧ ಆಂಪ್ ಅವರ್. ಇದೇ ಬೋರ್ಡಿನಲ್ಲಿ ಮರೆತುಬಿಟ್ಟ ಒಂದು ಪವರ್ ಎಲ್‌ಇಡಿ 2 ಮಿಲಿಆಂಪ್ ನುಂಗಿ ಲೆಕ್ಕವನ್ನೆಲ್ಲ ಬುಡಮೇಲು ಮಾಡುತ್ತದೆ. ವಿಭಾಜಕದ ಪ್ರತಿರೋಧ ಇಷ್ಟು ದೊಡ್ಡದಿರುವಾಗ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ) ಪಿನ್ನಿಗೆ 100 ನ್ಯಾನೊಫ್ಯಾರಡ್ ಹಾಕಲು ಮರೆಯಬೇಡಿ, ಇಲ್ಲವಾದರೆ ಓದುವ ವೋಲ್ಟೇಜ್ ಕಡಿಮೆ ಬರುತ್ತದೆ.

ಎಂಜಿನ್ ಓಡುತ್ತಿದೆಯೇ ಎಂದು ತಿಳಿಯುವುದು ಹೇಗೆ? 13.2 ವೋಲ್ಟ್ ದಾಟಿದರೆ ಓಡುತ್ತಿದೆ ಎಂಬ ಹಳೆಯ ಸೂತ್ರ ಈಗ ಪೂರ್ತಿ ನಂಬುವಂಥದ್ದಲ್ಲ. ಇಂಧನ ಉಳಿಸಲು ಆಲ್ಟರ್ನೇಟರ್ ಅನ್ನು ಆಗಾಗ ವಿಶ್ರಾಂತಿಗೆ ಬಿಡುವ ಹೊಸ ಕಾರುಗಳಲ್ಲಿ ಓಡುವಾಗಲೂ 12.4 ಕಾಣಿಸುತ್ತದೆ. ವೋಲ್ಟೇಜ್, ಅಲುಗಾಟ, ಕ್ಯಾನ್ ಚಟುವಟಿಕೆ ಮೂರನ್ನೂ ನೋಡಿ: ಎದ್ದೇಳಲು ಯಾವುದಾದರೂ ಒಂದು ಸಾಕು, ಮಲಗಲು ಮೂರೂ 3 ನಿಮಿಷ ಸುಮ್ಮನಿರಬೇಕು.

ಅಲುಗಾಟಕ್ಕೆ ಎದ್ದದ್ದು ಸುಳ್ಳು ಎಚ್ಚರವೂ ಆಗಿರಬಹುದು. ಪಕ್ಕದಲ್ಲಿ ಲಾರಿ ಹೋದರೂ, ಯಾರೋ ಬಾಗಿಲು ಹಾಕಿದರೂ ಆಕ್ಸೆಲರೋಮೀಟರ್ ಎಬ್ಬಿಸುತ್ತದೆ. ಆಗ ಕಂಟ್ರೋಲರ್ ಮಾತ್ರ ಎದ್ದು 5 ಸೆಕೆಂಡು ವೋಲ್ಟೇಜ್ ನೋಡಲಿ, ಬದಲಾವಣೆ ಇಲ್ಲದಿದ್ದರೆ ಮೋಡೆಮ್ ಮುಟ್ಟದೆ ಮಲಗಲಿ.

ಬ್ಯಾಟರಿ ಖಾಲಿಯಾದ ದೂರುಗಳಲ್ಲಿ ಸಾಧನದ ಕರೆಂಟ್ ಅಳೆದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಕಾರಣ ಬೇರೆಡೆ ಇರುತ್ತದೆ: ಕೀಲಿ ತೆಗೆದ ಮೇಲೂ ಸಾಧನ ಕ್ಯಾನ್ ಮೇಲೆ ಪ್ರಶ್ನೆ ಕೇಳುತ್ತಲೇ ಇದ್ದರೆ ಕಾರಿನ ಗೇಟ್‌ವೇ (ಒಬಿಡಿ ಪೋರ್ಟ್ ಮತ್ತು ಒಳಗಿನ ಜಾಲಗಳ ನಡುವಿನ ಕಂಪ್ಯೂಟರ್), ಬಾಡಿ ಕಂಟ್ರೋಲರ್ ಎಲ್ಲ ಎಚ್ಚರವಾಗಿಯೇ ಉಳಿದು ಆಂಪ್‌ಗಟ್ಟಲೆ ಎಳೆಯಬಹುದು. ಎಂಜಿನ್ ವೇಗ ಸೊನ್ನೆ ಎಂಬ ಉತ್ತರ ಬಂದ ತಕ್ಷಣ, ಅಥವಾ ಎರಡು ಪ್ರಶ್ನೆಗೆ ಉತ್ತರ ಬಾರದಿದ್ದರೆ, ಪ್ರಶ್ನೆ ನಿಲ್ಲಿಸಿ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ನಿಲ್ಲಿಸುವ ಕಾರುಗಳಲ್ಲಿ ಕೆಲವು ಸೆಕೆಂಡಿನ ಮಾಹಿತಿ ತಪ್ಪುತ್ತದೆ, ತಪ್ಪಲಿ. ಅಲುಗಾಟ ಮರುಕಳಿಸಿದಾಗ ಮತ್ತೆ ಕೇಳಬಹುದು.

ನೆಲಮಾಳಿಗೆಯ ಪಾರ್ಕಿಂಗ್ ಎರಡನೇ ಬಲೆ. ಸಿಗ್ನಲ್ ಇಲ್ಲದ ಕಡೆ ಮೋಡೆಮ್ ಎಲ್ಲ ಬ್ಯಾಂಡ್‌ಗಳನ್ನೂ ಹುಡುಕುತ್ತಾ ನಿಮಿಷಗಟ್ಟಲೆ ಎದ್ದಿರುತ್ತದೆ. 90 ಸೆಕೆಂಡಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಆಫ್ ಮಾಡಿ, ಮುಂದಿನ ಪ್ರಯತ್ನ 2 ಗಂಟೆಗೆ, ಆಮೇಲೆ 4, 8, 24. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.2 ವೋಲ್ಟ್ ತಲುಪಿದರೆ, ಅಂದರೆ ಸುಮಾರು ಅರ್ಧ ಚಾರ್ಜ್, ದಿನಕ್ಕೊಂದೇ ಸಂದೇಶ. 12.0ಕ್ಕೆ ಇಳಿದರೆ "ಬ್ಯಾಟರಿ ಕಡಿಮೆ" ಎಂಬ ಕೊನೆಯ ಮಾತು ಹೇಳಿ ಎಂಜಿನ್ ಓಡುವವರೆಗೆ ಮೌನ.

ಹಂತ 5: ಕ್ಯಾನ್ ಬಸ್

ಕ್ಯಾನ್ ಬಸ್‌ನ ಎರಡೂ ತುದಿಯಲ್ಲಿ 120 ಓಮ್ ಇರುತ್ತದೆ. ಕಾರು ಪೂರ್ತಿ ಮಲಗಿದಾಗ 6 ಮತ್ತು 14ನೇ ಪಿನ್ ನಡುವೆ ಮೀಟರ್ ಇಟ್ಟರೆ ಸಾಮಾನ್ಯವಾಗಿ 60 ಓಮ್ ಸುಮಾರು ತೋರಿಸಬೇಕು. ನಿಮ್ಮ ಸಾಧನ ಮೂರನೇ 120 ಓಮ್ ಸೇರಿಸಬಾರದು. ರೆಡಿಮೇಡ್ ಕ್ಯಾನ್ ಬೋರ್ಡುಗಳಲ್ಲಿ ಅದು ಜಂಪರ್ ರೂಪದಲ್ಲೋ ನೇರ ಬೆಸುಗೆಯಾಗಿಯೋ ಇರುತ್ತದೆ, ಕಿತ್ತುಹಾಕಿ. ಆ ಬೋರ್ಡುಗಳಲ್ಲಿ ಸಾಮಾನ್ಯವಾದ ಎಸ್‌ಎನ್65ಎಚ್‌ವಿಡಿ230 ಮೇಜಿನ ಮೇಲೆ ಚೆಂದ ಕೆಲಸ ಮಾಡುತ್ತದೆ. ಆದರೆ ಬಸ್ ಪಿನ್ನಿನಲ್ಲಿ 16 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ, ಕಾರಿಗೆ ಬೇಡ. ಟಿಜೆಎ1042 58 ವೋಲ್ಟ್ ತಾಳುತ್ತದೆ, ಫರ್ಮ್‌ವೇರ್ ಸಿಕ್ಕಿಹಾಕಿಕೊಂಡು ಬಸ್ಸನ್ನು ಒತ್ತಿಹಿಡಿದರೆ ತಾನೇ ಬಿಡಿಸಿಕೊಳ್ಳುತ್ತದೆ. ಅದಕ್ಕೆ 5 ವೋಲ್ಟ್ ಬೇಕು, 3.8ರಿಂದ ಚಿಕ್ಕ ಬೂಸ್ಟ್ ರೆಗ್ಯುಲೇಟರ್ ಹಾಕಿ. "/3" ಆವೃತ್ತಿಯಲ್ಲಿ ನಿದ್ದೆಯ ಹೊತ್ತು ಆ 5 ವೋಲ್ಟನ್ನು ಆಫ್ ಮಾಡಿ, 3.3ರ ಪಿನ್ ಒಂದರಿಂದಲೇ ಬಸ್ ಎಚ್ಚರವಾದದ್ದನ್ನು ಪತ್ತೆ ಮಾಡಬಹುದು.

ಬಸ್‌ನ ವೇಗ ಪತ್ತೆ ಮಾಡುವಾಗ ಬಹಳ ಜಾಗ್ರತೆ ಬೇಕು. ಒಬಿಡಿಯಲ್ಲಿ ವೇಗ ಸೆಕೆಂಡಿಗೆ 500 ಅಥವಾ 250 ಕಿಲೋಬಿಟ್, ಪ್ರತಿ ಸಂದೇಶದ ಗುರುತು 11 ಅಥವಾ 29 ಬಿಟ್. ತಪ್ಪು ವೇಗದಲ್ಲಿ ಮಾಮೂಲಿ ಮೋಡ್‌ಗೆ ಇಳಿದ ಸಾಧನ ಬೇರೆಯವರ ಪ್ರತಿ ಸಂದೇಶವನ್ನೂ ತಪ್ಪೆಂದು ಸಾರಿ ಕೆಡಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸಾಲು ದೀಪ ಹೊತ್ತಿಕೊಳ್ಳುವುದು ಹೀಗೆ. ಕ್ರಮ ಇದು:

1. ಕೇಳುವ ಮೋಡ್‌ನಲ್ಲಿ ಮಾತ್ರ, 500ರಲ್ಲಿ ಅರ್ಧ ಸೆಕೆಂಡು ಕೇಳಿ. ಸರಿಯಾದ ಸಂದೇಶ ಬಂದರೆ ಅದೇ ವೇಗ. ಬರೀ ತಪ್ಪುಗಳು ಬಂದರೆ 250.
2. ಏನೂ ಕೇಳಿಸದಿದ್ದರೆ ಗೇಟ್‌ವೇ ಇರುವ ಕಾರು. ಅಲ್ಲಿ ಕೇಳದ ಹೊರತು ಮಾತಿಲ್ಲ. 500ರಲ್ಲಿ, ಮರುಪ್ರಯತ್ನ ಆಫ್ ಮಾಡಿ, ಒಂದೇ ಪ್ರಶ್ನೆ ಕಳಿಸಿ. ಸ್ವೀಕೃತಿ ಬರದಿದ್ದರೆ ತಕ್ಷಣ ನಿಲ್ಲಿಸಿ 250 ನೋಡಿ.
3. 11 ಬಿಟ್‌ಗೆ ಉತ್ತರವಿಲ್ಲದಿದ್ದರೆ 29 ಬಿಟ್‌ನ 18ಡಿಬಿ33ಎಫ್1 ಗುರುತಿಗೆ ಕೇಳಿ.
4. ಸಿಕ್ಕಿದ್ದನ್ನು ಫ್ಲ್ಯಾಶ್‌ನಲ್ಲಿ ಬರೆದಿಡಿ. ಕಾರಿನ ವಿನ್ (ವಾಹನದ ಗುರುತು ಸಂಖ್ಯೆ) ಬದಲಾದರೆ ಮಾತ್ರ ಮತ್ತೆ ಹುಡುಕಾಟ.

ಎಂಜಿನ್ ವೇಗ ಕೇಳಬೇಕು ಎನ್ನಿ. 7ಡಿಎಫ್ ಗುರುತಿಗೆ 02 01 0ಸಿ ಬೈಟ್‌ಗಳನ್ನು ಕಳಿಸಿ (ಇಲ್ಲಿನ ಗುರುತು, ಬೈಟ್‌ಗಳು ಹೆಕ್ಸಾಡೆಸಿಮಲ್, ಅಂದರೆ 16ರ ಆಧಾರದ ಅಂಕಿಗಳು). ಉಳಿದ ಐದನ್ನೂ ಏನಾದರೂ ತುಂಬಿ ಉದ್ದವನ್ನು 8 ಬೈಟ್ ಮಾಡಲೇಬೇಕು. 3 ಬೈಟಿನ ಸಂದೇಶವನ್ನು ಹಲವು ಎಂಜಿನ್ ಕಂಟ್ರೋಲರ್‌ಗಳು ಕಡೆಗಣಿಸುತ್ತವೆ. ಎಂಜಿನ್ ಕಂಟ್ರೋಲರಿನ ಗುರುತಾದ 7ಇ8ರಿಂದ 04 41 0ಸಿ 0ಬಿ ಬಿ8 ಎಂದು ಉತ್ತರ ಬಂದರೆ, ಕೊನೆಯ ಎರಡು ಬೈಟ್ ಸೇರಿ 3000, ನಾಲ್ಕರಿಂದ ಭಾಗಿಸಿದರೆ ನಿಮಿಷಕ್ಕೆ 750 ಸುತ್ತು. ವೇಗಕ್ಕೆ 0ಡಿ, ಬಂದ ಬೈಟೇ ಗಂಟೆಗೆ ಕಿ.ಮೀ. ಕೂಲೆಂಟ್‌ಗೆ 05, ಬಂದದ್ದರಿಂದ 40 ಕಳೆಯಿರಿ. ಇಂಧನಕ್ಕೆ 2ಎಫ್, ಬಂದದ್ದನ್ನು 255ರಿಂದ ಭಾಗಿಸಿ 100ರಿಂದ ಗುಣಿಸಿ. ಯಾವ ಪ್ರಶ್ನೆಗಳಿಗೆ ಉತ್ತರವಿದೆ ಎಂಬ ಪಟ್ಟಿಯನ್ನು 00 ಮತ್ತು 20 ಕೇಳಿ ಮೊದಲೇ ತಿಳಿದುಕೊಳ್ಳಿ. ಒಂದು ಉತ್ತರ ಬಂದ ಮೇಲೇ ಇನ್ನೊಂದು ಪ್ರಶ್ನೆ, ಸೆಕೆಂಡಿಗೆ 5ರಿಂದ 10ಕ್ಕೆ ಮೀರದಂತೆ.

ವಿನ್ ಸಂಖ್ಯೆ 17 ಅಕ್ಷರ, ಒಂದು ಸಂದೇಶದಲ್ಲಿ ಹಿಡಿಸದು. 7ಇ8ರಿಂದ 10 14 49 02 01 ಎಂದು ಶುರುವಾಗುವ ಮೊದಲ ತುಂಡು ಬಂದಾಗ "ಮುಂದುವರಿಸು" ಎನ್ನಲು 30 00 00 ಕಳಿಸಬೇಕು. ಅದನ್ನು 7ಡಿಎಫ್‌ಗೆ ಕಳಿಸಿ ಉಳಿದ ತುಂಡುಗಳಿಗಾಗಿ ಕಾಯುತ್ತಾ ಕೂರುವುದು ಸರ್ವೇಸಾಮಾನ್ಯ ತಪ್ಪು. ಹೋಗಬೇಕಾದದ್ದು ಎಂಜಿನ್ ಕಂಟ್ರೋಲರಿನದೇ ವಿಳಾಸವಾದ 7ಇ0ಗೆ.

ಎರಡನೇ ಕಂಟ್ರೋಲರ್ ಯಾಕೆಂದರೆ, ಇಂಟರ್ನೆಟ್ ಮುಟ್ಟುವ ಚಿಪ್ ಮತ್ತು ಬ್ರೇಕ್ ಇರುವ ಬಸ್ ನಡುವೆ ಒಂದು ಗೋಡೆ ಬೇಕು. ಕಾವಲು ಕಂಟ್ರೋಲರ್‌ನ ಫರ್ಮ್‌ವೇರ್‌ನಲ್ಲಿ ಅನುಮತಿಸಿದ ಹತ್ತು ಹನ್ನೆರಡು ಪ್ರಶ್ನೆಗಳಷ್ಟೇ ಇರುತ್ತವೆ. ಮುಖ್ಯ ಚಿಪ್ ಯುಎಆರ್‌ಟಿ (ಎರಡು ಚಿಪ್‌ಗಳ ನಡುವಿನ ಸರಳ ಸೀರಿಯಲ್ ಸಂಪರ್ಕ) ಮೂಲಕ "3ನೇ ಪ್ರಶ್ನೆ" ಎನ್ನಬಹುದೇ ಹೊರತು ಕ್ಯಾನ್ ಬೈಟುಗಳನ್ನು ಬರೆಯಲಾಗದು. ಕಾವಲು ಫರ್ಮ್‌ವೇರನ್ನು ದೂರದಿಂದ ಅಪ್‌ಡೇಟ್ ಮಾಡುವ ದಾರಿಯನ್ನು ಕೊಡಲೇಬೇಡಿ. ಕೇಳುವುದಷ್ಟೇ ಸಾಕಾದ ಸಾಧನಕ್ಕೆ ಇನ್ನೂ ಸುಲಭ: ಟಿಜೆಎ1051ರಲ್ಲಿರುವ ಮೌನದ ಪಿನ್ನನ್ನು ಶಾಶ್ವತವಾಗಿ ಹೈಗೆ ಕಟ್ಟಿಬಿಡಿ.

ಹಂತ 6: ಮೋಡೆಮ್, ಜಿಪಿಎಸ್, ಆಂಟೆನಾ

ಚಲಿಸುವ ವಾಹನಕ್ಕೆ ಎನ್‌ಬಿ ಐಒಟಿ (ಅಲ್ಪ ಡೇಟಾ ಕಳಿಸುವ ಸಾಧನಗಳಿಗಾಗಿ ಇರುವ ಮೊಬೈಲ್ ಜಾಲ) ಒಗ್ಗುವುದಿಲ್ಲ. ಸಂಪರ್ಕ ಕಡಿಯದೆ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವ ವ್ಯವಸ್ಥೆಯಿಲ್ಲದೆ ರೂಪುಗೊಂಡ ತಂತ್ರಜ್ಞಾನ ಅದು. ಕ್ಯಾಟ್ 1 ಅಥವಾ ಎಲ್‌ಟಿಇ ಎಂ ಆರಿಸಿ. 2ಜಿ, 3ಜಿ ಜಾಲಗಳು ಹಲವೆಡೆ ಮುಚ್ಚುತ್ತಿರುವುದರಿಂದ ಅವನ್ನೇ ನೆಚ್ಚಿದ ಮೋಡೆಮ್ ಬೇಡ. ಮೋಡೆಮ್‌ಗೆ ಪ್ರತ್ಯೇಕ ಪವರ್ ಸ್ವಿಚ್ ಇಡುವುದು ಕಡ್ಡಾಯ: ಎಟಿ ಕಮಾಂಡ್ (ಮೋಡೆಮಿಗೆ ಕೊಡುವ ಅಕ್ಷರರೂಪದ ಆದೇಶ), ರೀಸೆಟ್ ಪಿನ್ ಯಾವುದಕ್ಕೂ ಓಗೊಡದ ಸ್ಥಿತಿಗೆ ಮೋಡೆಮ್‌ಗಳು ಒಮ್ಮೊಮ್ಮೆ ಹೋಗುತ್ತವೆ.

ಒಬಿಡಿ ಪೋರ್ಟ್ ಒಂದು ಕಾರಿನಲ್ಲಿ ಕೆಳಮುಖ, ಇನ್ನೊಂದರಲ್ಲಿ ಹಿಮ್ಮುಖ. ಹಾಗಾಗಿ ಪೆಟ್ಟಿಗೆಯೊಳಗಿನ ಜಿಪಿಎಸ್ ಆಂಟೆನಾ ಆಕಾಶದ ಬದಲು ನೆಲ ನೋಡುತ್ತಿರಬಹುದು. ಹೊರಗಿನ ಆಂಟೆನಾಕ್ಕೆ ಒಂದು ಕನೆಕ್ಟರ್ ಇಟ್ಟಿರಿ. ಲೋಹಲೇಪಿತ ವಿಂಡ್‌ಶೀಲ್ಡಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೂ ಸಿಗ್ನಲ್ ಸಿಗದು, ಲೇಪನ ಬಿಟ್ಟಿರುವ ಕಿಂಡಿಯ ಹಿಂದೆಯೇ ಆಂಟೆನಾ ಕೂರಬೇಕು. ಎಲ್‌ಟಿಇ ಆಂಟೆನಾವನ್ನು ಜಿಪಿಎಸ್‌ನಿಂದ ಆದಷ್ಟು ದೂರ, ಬೋರ್ಡಿನ ಎದುರು ತುದಿಯಲ್ಲಿಡಿ. ಬ್ಯಾಂಡ್ 13ರ 777ರಿಂದ 787 ಮೆಗಾಹರ್ಟ್ಸ್ ಪ್ರಸಾರದ ಎರಡನೇ ಹಾರ್ಮೋನಿಕ್ 1574ರವರೆಗೆ ಬಂದು, 1575.42ರಲ್ಲಿರುವ ಜಿಪಿಎಸ್ ನೆತ್ತಿಯ ಮೇಲೇ ಕೂರುತ್ತದೆ; ಸಂದೇಶ ಕಳಿಸಿದಾಗಲೆಲ್ಲ ಉಪಗ್ರಹ ಕಳೆದುಹೋಗುವುದಕ್ಕೆ ಇಂಥ ಕಾರಣಗಳಿರುತ್ತವೆ. ನಿಂತ ಕಾರು ನಕ್ಷೆಯಲ್ಲಿ ಅಲೆದಾಡದಂತೆ, ಆಕ್ಸೆಲರೋಮೀಟರ್ ಸುಮ್ಮನಿರುವಾಗ ಹಳೆಯ ಸ್ಥಾನವನ್ನೇ ಉಳಿಸಿಕೊಳ್ಳಿ.

ಹಂತ 7: ಮಾಹಿತಿ ಕಳಿಸುವುದು

ಪ್ರತಿ ಸೆಕೆಂಡಿಗೂ 200 ಬೈಟಿನ ಜೇಸನ್ (ಅಕ್ಷರರೂಪದ ದಾಖಲೆ) ಕಳಿಸಿದರೆ ಹೊದಿಕೆ ಬೈಟುಗಳೂ ಸೇರಿ 330 ಆಗುತ್ತದೆ. ದಿನಕ್ಕೆ 2 ಗಂಟೆ ಓಡುವ ಕಾರಿಗೆ ತಿಂಗಳಿಗೆ 71 ಎಂಬಿ. ಅದೇ ದಾಖಲೆಯನ್ನು 24 ಬೈಟ್‌ಗಳಿಗೆ ಬಿಗಿದು, 30 ಸೆಕೆಂಡಿಗೊಮ್ಮೆ ಮೂವತ್ತನ್ನು ಒಟ್ಟಿಗೆ ಕಳಿಸಿದರೆ ಸುಮಾರು 6 ಎಂಬಿ. ಎಂಕ್ಯೂಟಿಟಿ (ಸಂದೇಶ ರವಾನೆಯ ಪದ್ಧತಿ), ಟಿಎಲ್‌ಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ), 8883 ಪೋರ್ಟ್, ಕ್ಯೂಒಎಸ್ 1 (ಕನಿಷ್ಠ ಒಂದು ಸಲ ತಲುಪುವ ಭರವಸೆ) ಸಾಕು. ಕ್ಯೂಒಎಸ್ 1ರಲ್ಲಿ ಒಂದೇ ಸಂದೇಶ ಎರಡು ಸಲ ಬರಬಹುದು, ಆದ್ದರಿಂದ ಸಾಧನದ ಗುರುತು, ಬೂಟ್ ಎಣಿಕೆ, ಕ್ರಮಸಂಖ್ಯೆ ಮೂರನ್ನೂ ಸೇರಿಸಿ ಸರ್ವರ್ ನಕಲನ್ನು ತೆಗೆಯಲಿ.

ಮೊದಲು ಫ್ಲ್ಯಾಶ್‌ಗೆ ಬರೆದು, ಸ್ವೀಕೃತಿ ಬಂದ ಮೇಲೆ ಗುರುತು ಮುಂದೆ ಸರಿಸಿ. 16 ಎಂಬಿಯಲ್ಲಿ 32 ಬೈಟಿನ ದಾಖಲೆಗಳು 145 ಗಂಟೆಯ ಓಟಕ್ಕೆ ಸಾಲುತ್ತವೆ. ಸುತ್ತುಸುತ್ತಾಗಿ ಬರೆಯಿರಿ, ಓದುವ ಗುರುತನ್ನು ಒಂದೇ ಸೆಕ್ಟರಿನಲ್ಲಿ ಮತ್ತೆಮತ್ತೆ ಅಳಿಸಿ ಬರೆದರೆ ಆ ಸೆಕ್ಟರ್ ಬೇಗ ಸವೆಯುತ್ತದೆ.

ಕಾರಿನ ಬ್ಯಾಟರಿ ಬದಲಿಸಿದ ಮೇಲೆ ಸರ್ವರ್‌ಗೆ ಸೇರದ ಸಾಧನಗಳ ರಹಸ್ಯ ಸಾಮಾನ್ಯವಾಗಿ ಗಡಿಯಾರ. ಸಮಯ 1970ಕ್ಕೆ ಹೋಗಿರುತ್ತದೆ, ಸರ್ವರ್‌ನ ಪ್ರಮಾಣಪತ್ರ "ಇನ್ನೂ ಜಾರಿಗೆ ಬಂದಿಲ್ಲ" ಎಂದು ಟಿಎಲ್‌ಎಸ್ ತಿರಸ್ಕರಿಸುತ್ತದೆ. ಜಿಎನ್‌ಎಸ್‌ಎಸ್ ಅಥವಾ ಮೊಬೈಲ್ ಜಾಲದಿಂದ ಸಮಯ ಪಡೆದ ಮೇಲೇ ಟಿಎಲ್‌ಎಸ್‌ಗೆ ಹೋಗಿ.

ಹಂತ 8: ಭದ್ರತೆ ಮತ್ತು ಅಪ್‌ಡೇಟ್

2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಇಂಟರ್ನೆಟ್ ಮೂಲಕ ಜೀಪ್ ಚೆರೋಕಿಯೊಂದನ್ನು ನಿಯಂತ್ರಿಸಿ ತೋರಿಸಿದ ಮೇಲೆ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅದೇ ವರ್ಷ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಬಿಡಿ ಪೋರ್ಟಿನ ಸಾಧನವೊಂದಕ್ಕೆ ಎಸ್‌ಎಂಎಸ್ ಕಳಿಸಿ ಕಾರ್ವೆಟ್ ಕಾರಿನ ಬ್ರೇಕ್ ಹಾಕಿಸಿದರು. ಎಲ್ಲ ಸಾಧನಗಳಲ್ಲೂ ಒಂದೇ ಕೀಲಿ, ಎಸ್‌ಎಂಎಸ್ ಮೂಲಕ ಆದೇಶ, ಸಹಿಯಿಲ್ಲದ ಅಪ್‌ಡೇಟ್: ಎರಡನೆಯದಕ್ಕೆ ದಾರಿಯಾದದ್ದು ಇವು. ಹಾಗಾಗಿ ಪ್ರತಿ ಸಾಧನಕ್ಕೂ ಪ್ರತ್ಯೇಕ ಕೀಲಿ, ಎಸ್‌ಎಂಎಸ್ ಆದೇಶ ಬಂದ್, ಯಾವ ಪೋರ್ಟೂ ತೆರೆದಿರಬಾರದು, ಡೀಬಗ್ ಪಿನ್ ಕಾರ್ಖಾನೆಯಲ್ಲೇ ಮುಚ್ಚಬೇಕು.

ಫರ್ಮ್‌ವೇರ್‌ಗೆ ಎರಡು ಜಾಗ ಇಡಿ. ಹೊಸದು ಇಳಿದು, ಸಹಿ ಸರಿಯಿದ್ದು, ಬೂಟ್ ಆಗಿ, ಸರ್ವರ್ ತಲುಪಿದ ಮೇಲಷ್ಟೇ ಅದು ಖಾಯಂ. ಇಲ್ಲವಾದರೆ ವಾಚ್‌ಡಾಗ್ (ಸಾಧನ ಸಿಕ್ಕಿಹಾಕಿಕೊಂಡರೆ ರೀಸೆಟ್ ಮಾಡುವ ಟೈಮರ್) ಹಳೆಯದಕ್ಕೆ ಮರಳಿಸಲಿ. "ಬೂಟ್ ಆಯಿತು" ಎಂಬಷ್ಟಕ್ಕೇ ಖಾಯಂ ಮಾಡಿದರೆ, ಮೋಡೆಮ್ ಚಾಲಕದಲ್ಲಿ ದೋಷವಿರುವ ಆವೃತ್ತಿ ಎಲ್ಲ ಸಾಧನಗಳನ್ನೂ ಶಾಶ್ವತವಾಗಿ ಕೈತಪ್ಪಿಸುತ್ತದೆ.

ಹಂತ 9: ಪರೀಕ್ಷೆ ಮತ್ತು ಅಳವಡಿಕೆ

ಬೋರ್ಡ್ ನಾಲ್ಕು ಪದರದ್ದಿರಲಿ, ಪೆಟ್ಟಿಗೆ ಪಿಸಿ ಮತ್ತು ಎಬಿಎಸ್ ಪ್ಲಾಸ್ಟಿಕ್‌ಗಳ ಮಿಶ್ರಣದ್ದಿರಲಿ, ಎತ್ತರದ ಕೆಪಾಸಿಟರ್‌ಗಳಿಗೆ ಅಂಟು ಹಾಕಿ. ಮಾರಾಟಕ್ಕಿದ್ದರೆ ಹಲವು ದೇಶಗಳಲ್ಲಿ ವಿಶ್ವಸಂಸ್ಥೆಯ 10ನೇ ನಿಯಮದಂತೆ ವಿದ್ಯುತ್ಕಾಂತೀಯ ಪರೀಕ್ಷೆ ಬೇಕಾಗುತ್ತದೆ. ಎಫ್‌ಎಂ ರೇಡಿಯೋದಲ್ಲಿ ಗೊರಗೊರ ಎನ್ನಿಸುವ ಬಕ್ ರೆಗ್ಯುಲೇಟರ್ ಅಲ್ಲೇ ಸಿಕ್ಕಿಬೀಳುತ್ತದೆ.

ಲ್ಯಾಬಿಗೆ ಕಳಿಸುವ ಮುನ್ನ ಮೇಜಿನ ಮೇಲೆ ಮಾಡಬಹುದಾದ ಒಂದು ಪರೀಕ್ಷೆ ಬಹಳ ಬೆಲೆಯುಳ್ಳದ್ದು. ಪೂರೈಕೆ ವೋಲ್ಟೇಜನ್ನು ನಿಮಿಷಕ್ಕೆ 0.5 ವೋಲ್ಟಿನಂತೆ ಸೊನ್ನೆಗೆ ಇಳಿಸಿ, ಅದೇ ಗತಿಯಲ್ಲಿ ಏರಿಸಿ. ಫಟ್ಟನೆ ಆಫ್ ಮಾಡಿದರೆ ಸರಿಯಾಗಿ ಏಳುವ ಸಾಧನಗಳು ಈ ನಿಧಾನದ ಇಳಿತದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಮೋಡೆಮ್ ಸತ್ತು ಕಂಟ್ರೋಲರ್ ಬದುಕಿರುವ, ಫ್ಲ್ಯಾಶ್ ಅರ್ಧ ಬರೆದ ಸ್ಥಿತಿಗಳೆಲ್ಲ ಹೊರಬೀಳುತ್ತವೆ. ಬ್ರೌನೌಟ್ ಡಿಟೆಕ್ಟರ್ (ವೋಲ್ಟೇಜ್ ಕುಸಿದಾಗ ಚಿಪ್ಪನ್ನು ರೀಸೆಟ್ ಮಾಡುವ ಭಾಗ) ಆನ್ ಇದ್ದರೆ ಬಹುಪಾಲು ಪರಿಹಾರ.

ಅಳವಡಿಸುವಾಗ ತಂತಿ ಪೆಡಲ್‌ಗಳ ಬಳಿ ಜೋತಾಡಬಾರದು, ಪಕ್ಕದ ಕಂಬದೊಳಗಿನ ಏರ್‌ಬ್ಯಾಗಿನ ಮುಂದೆ ಹಾಯಬಾರದು. ಕೊನೆಯಲ್ಲಿ ನಿಂತ ಕಾರಿನ ಕರೆಂಟ್ ಅಳೆಯಿರಿ. ಬಾನೆಟ್ ತೆರೆದು, ಅದರ ಕೊಂಡಿಯನ್ನೂ ಬಾಗಿಲಿನ ಕೊಂಡಿಯನ್ನೂ ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿ, ಕಾರನ್ನು ಲಾಕ್ ಮಾಡಿ. ಇಲ್ಲದಿದ್ದರೆ ಬಾಗಿಲು ತೆರೆದಿದೆಯೆಂದು ಕಾರು ಮಲಗುವುದೇ ಇಲ್ಲ. ಮಿಲಿಆಂಪ್ ತೋರಿಸಬಲ್ಲ ಡಿಸಿ ಕ್ಲ್ಯಾಂಪ್ ಮೀಟರನ್ನು ಬ್ಯಾಟರಿಯ ಮೈನಸ್ ತಂತಿಗೆ ಹಾಕಿ 40 ನಿಮಿಷ ಕಾಯಿರಿ. ಮೊದಲು ಸಾಧನವಿಲ್ಲದೆ, ಆಮೇಲೆ ಸಾಧನದೊಂದಿಗೆ. ಎರಡರ ವ್ಯತ್ಯಾಸ ಕೆಲವು ಮಿಲಿಆಂಪ್ ದಾಟಿದರೆ ಸಾಧನವನ್ನು ಮೇಜಿಗೆ ಒಯ್ದು ಅದರದೇ ಕರೆಂಟ್ ಅಳೆಯಿರಿ. ಅಲ್ಲಿ ಎಲ್ಲ ಸರಿಯಿದ್ದರೆ ಕಾರು ಮಲಗದಂತೆ ಕ್ಯಾನ್ ಮೇಲೆ ಯಾರು ಮಾತಾಡುತ್ತಿದ್ದಾರೆ ಎಂದು ಇನ್ನೊಂದು ಕೇಳುವ ಸಾಧನ ಜೋಡಿಸಿ ನೋಡಿ. 7ಡಿಎಫ್ ಗುರುತಿನ ಸಂದೇಶ ಕಂಡರೆ ಅದು ನಿಮ್ಮದೇ.